ಅಕ್ಕನ ಕೈಮಾತು ಮತ್ತು ನನ್ನ ಲೇಖನ

ನಿಜಾಮರ ಕಾಲದ ಕಲಬುರಗಿಯಲ್ಲಿ ಕನ್ನಡ ಬರೆದು ಬದುಕುತ್ತೇನೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಕಚೇರಿಯ ಕಾಗದವೆಲ್ಲ ಉರ್ದು, ದಲ್ಲಾಳಿಗಳ ಅಡತಿ ಅಂಗಡಿಗಳ ಲೆಕ್ಕವೆಲ್ಲ ಮರಾಠಿಯ ಮೋಡಿ ಲಿಪಿ. ಕನ್ನಡವೆಂದರೆ ಮನೆಯೊಳಗೆ, ಹೊಲದಲ್ಲಿ ಆಡುವ ಮಾತು, ಅಷ್ಟೆ. ನಾನು ಹಗಲೆಲ್ಲ ಕಚೇರಿಯ ಮುಂದಿನ ಬೇವಿನ ಮರದ ನೆರಳಿನಲ್ಲಿ ಕುಳಿತು ಹಳ್ಳಿಯಿಂದ ಬಂದವರಿಗೆ ಉರ್ದುವಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದೆ. ಸಂಜೆ ಮನೆಗೆ ಬಂದು, ಮುಂಬಯಿ ಸೀಮೆಯ ಒಂದು ಊರಿನಿಂದ ಹೊರಡುತ್ತಿದ್ದ ಕನ್ನಡ ಮಾಸಪತ್ರಿಕೆಗೆ ಲೇಖನ ಬರೆಯುತ್ತಿದ್ದೆ. ಅದರ ಸಂಪಾದಕರು ಆಗಾಗ ಒಂದು ಕಾರ್ಡು ಹಾಕುತ್ತಿದ್ದರು. ಅದರಲ್ಲಿ ಒಂದು ವಿಷಯ, ಎಷ್ಟು ಪುಟ ಬೇಕು ಎಂಬ ಮಾತು, ಕೊನೆಗೆ ‘ಬೇಗ’ ಎಂಬ ಒಂದು ಪದ.

ಆ ವಿಷಯ ನನಗೆ ಗೊತ್ತಿದೆಯೋ ಇಲ್ಲವೋ ಎಂದು ಅವರು ಒಮ್ಮೆಯೂ ಕೇಳಿದವರಲ್ಲ. ಕೋಳಿಗಳಿಗೆ ಬರುವ ರೋಗದ ಬಗ್ಗೆ ಬರೆಯಿರಿ ಎನ್ನುತ್ತಿದ್ದರು. ನಮ್ಮದು ಲಿಂಗ ಕಟ್ಟಿದವರ ಮನೆತನ, ಕೋಳಿಯನ್ನು ನಾನು ಹತ್ತಿರದಿಂದ ನೋಡಿದ್ದೇ ಕಡಿಮೆ. ಗಡಿಯಾರದ ರಿಪೇರಿ ಎನ್ನುತ್ತಿದ್ದರು; ನಮ್ಮ ಮನೆಯಲ್ಲಿ ಗಡಿಯಾರವೇ ಇರಲಿಲ್ಲ. ಸಾಬೂನು ಮಾಡುವ ಬಗೆ, ಚಾಳೀಸು ಕನ್ನಡಕ ಹಾಕಿಕೊಳ್ಳಬೇಕಾದ ವಯಸ್ಸು, ಹಡಗಿನೊಳಗಿನ ಅಡುಗೆಮನೆ. ಸಮುದ್ರವನ್ನೇ ನೋಡದವನು ಹಡಗಿನ ಅಡುಗೆಮನೆಯ ಮೇಲೆ ಬರೆದೆ. ಮುಂಬಯಿಯಲ್ಲಿ ಹಡಗು ಹತ್ತಿ ಹಜ್ ಮುಗಿಸಿ ಬಂದ ನಮ್ಮ ಓಣಿಯ ಒಬ್ಬ ಮುದುಕರು ಹೇಳಿದ್ದನ್ನು ಕೇಳಿ ಬರೆದದ್ದು ಅದು.

ಹೀಗೆ ಬರೆಯುತ್ತ ನನಗೊಂದು ರೂಢಿ ಬಿದ್ದಿತ್ತು. ಮೊದಲು, ಆ ಕೆಲಸದಲ್ಲಿ ಮುಳುಗಿರುವ ಒಬ್ಬರನ್ನು ಹುಡುಕಬೇಕು. ನನಗೆ ಏನೂ ಗೊತ್ತಿಲ್ಲ ಎಂದು ಮೊದಲೇ ಹೇಳಿಬಿಡಬೇಕು; ಅರೆಬರೆ ತಿಳಿದವನಂತೆ ನಟಿಸಿದರೆ ಎದುರಿನವರು ಅರ್ಧ ಮಾತು ನುಂಗಿಬಿಡುತ್ತಾರೆ. ಆಮೇಲೆ ಒಂದೇ ಪ್ರಶ್ನೆ: ಇದರ ಬಗ್ಗೆ ಮಂದಿ ತಪ್ಪು ತಿಳಿದುಕೊಂಡದ್ದು ಏನು? ಈ ಪ್ರಶ್ನೆ ಬಿದ್ದರೆ ಎಂಥ ಮೌನಿಯೂ ಬಾಯಿ ಬಿಡುತ್ತಿದ್ದ. ಬರೆದು ಮುಗಿಸಿದ ಮೇಲೆ ಅಂಚೆಗೆ ಹಾಕುವ ಮೊದಲು ಅವರ ಎದುರಿಗೇ ಓದಿ, ಅವರು ಬೇಡವೆಂದದ್ದನ್ನು ತೆಗೆದುಬಿಡುವುದು. ಈ ರೂಢಿ ನನ್ನನ್ನು ಬಹಳ ಸಲ ಕಾಪಾಡಿತ್ತು.

ಒಂದು ಚಳಿಗಾಲದಲ್ಲಿ ಬಂದ ಕಾರ್ಡಿನಲ್ಲಿ ‘ಕಿವುಡ ಮಕ್ಕಳಿಗೆ ಮಾತು ಕಲಿಸುವ ಬಗೆ’ ಎಂದಿತ್ತು. ನಿಮ್ಮ ಕಡೆಯ ವಾಚಕರೊಬ್ಬರು ಕೇಳಿದ್ದಾರೆ ಎಂದೂ ಬರೆದಿದ್ದರು. ಓದಿ ನನಗೆ ಹಗುರವೆನಿಸಿತು. ಈ ಸಲ ಯಾರನ್ನೂ ಹುಡುಕಬೇಕಾಗಿಲ್ಲ ಎಂದುಕೊಂಡೆ. ನನ್ನ ಸ್ವಂತ ಅಕ್ಕನೇ ಕಿವುಡಿ.

ನಾನು ಹುಟ್ಟುವ ಮೊದಲೇ, ಅವಳಿನ್ನೂ ತೊದಲುವ ವಯಸ್ಸಿನಲ್ಲಿದ್ದಾಗ, ಜ್ವರ ಬಂದು ಅವಳ ಕಿವಿ ಹೋಯಿತಂತೆ. ಕಲಿತ ನಾಲ್ಕು ತೊದಲು ಮಾತೂ ಆಮೇಲೆ ಹೋದವು. ಊರವರು ಅವಳನ್ನು ಮೂಕಿ ಎನ್ನುತ್ತಿದ್ದರು. ಅವಳ ಜೊತೆ ಕೈಯಿಂದ, ಮುಖದಿಂದ ಮಾತಾಡುತ್ತಿದ್ದವಳು ನಮ್ಮವ್ವ ಒಬ್ಬಳೇ. ಮೂಗಿನ ನತ್ತು ಮುಟ್ಟಿದರೆ ಅವ್ವ. ಗದ್ದ ಮುಟ್ಟಿದರೆ ನಾನು, ನನ್ನ ಗದ್ದದ ಮೇಲೆ ಬಿದ್ದು ಆದ ಒಂದು ಗಾಯದ ಗುರುತಿತ್ತು. ನಾನೂ ಚಿಕ್ಕವನಿದ್ದಾಗ ಒಂದಿಷ್ಟು ಬಲ್ಲೆನಂತೆ. ಅಕ್ಕನನ್ನು ಕಮಲಾಪುರಕ್ಕೆ, ಹೆಂಡತಿ ಸತ್ತ ಒಬ್ಬ ಒಕ್ಕಲುತನದವನಿಗೆ ಕೊಟ್ಟರು. ಅವನಿಗೆ ಮೊದಲ ಹೆಂಡತಿಯ ಗಂಡುಮಕ್ಕಳಿದ್ದರು, ಬಾಳೆಯ ತೋಟವಿತ್ತು, ಕೆಟ್ಟ ಮನುಷ್ಯನಲ್ಲ. ನಾನು ಸೊಲ್ಲಾಪುರಕ್ಕೆ ಹೋಗಿ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ನಾನು ಅಲ್ಲಿದ್ದಾಗಲೇ ಅವ್ವ ತೀರಿಕೊಂಡಳು. ಕಲಬುರಗಿಗೆ ತಿರುಗಿ ಬಂದು ನೆಲೆಸುವ ಹೊತ್ತಿಗೆ ಹಲವು ವರ್ಷ ಕಳೆದಿದ್ದವು.

ಕಾರ್ಡು ಬಂದ ವಾರವೇ ಹುಮನಾಬಾದ ಕಡೆ ಹೋಗುವ ಮೋಟಾರು ಹತ್ತಿದೆ. ಕಪನೂರ ದಾಟಿ ಎಷ್ಟೋ ಹೊತ್ತು ಕಪ್ಪು ನೆಲದ ಜೋಳದ ಹೊಲಗಳು, ಆಮೇಲೆ ನೆಲ ನಿಧಾನವಾಗಿ ಕೆಂಪಾಗುತ್ತದೆ, ಕಮಲಾಪುರ ಬರುತ್ತದೆ. ಅಕ್ಕ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಕೇರುತ್ತಿದ್ದಳು. ನನ್ನನ್ನು ಕಂಡವಳೇ ಮೊರ ಕೆಳಗಿಟ್ಟು ತನ್ನ ಗದ್ದ ಮುಟ್ಟಿಕೊಂಡು ನಕ್ಕಳು. ಅವಳ ಕೂದಲು ಬೆಳ್ಳಗಾಗುತ್ತಿದ್ದದ್ದನ್ನು ಆಗ ನೋಡಿದೆ.

ಊಟವಾದ ಮೇಲೆ ಅವಳೆದುರು ಕುಳಿತು ಕೇಳಲು ತೊಡಗಿದೆ. ನನ್ನ ಕಿವಿ ಮುಟ್ಟಿ, ಅವಳ ಕಿವಿ ತೋರಿಸಿ, ಸಣ್ಣವಳಿದ್ದಾಗ ಎಂಬಂತೆ ಕೈಯನ್ನು ನೆಲದ ಹತ್ತಿರ ಹಿಡಿದು, ಹೇಗಿತ್ತು ಎಂದು ಮುಖದಿಂದ ಕೇಳಿದೆ. ಅವಳು ಗಾಬರಿಯಾಗಿ ನನ್ನ ಕಿವಿಯೊಳಗೆ ಇಣುಕಿ ನೋಡಿದಳು. ನನಗೆ ಕಿವಿನೋವು ಬಂದಿದೆ ಎಂದು ತಿಳಿದಳು. ಒಳಗೆ ಹೋಗಿ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಸಿಕೊಂಡು ಬಂದಳು. ಬೇಡವೆಂದರೂ ಬಿಡದೆ ಕಿವಿಗೆ ಹನಿಸಿದಳು. ಹಸಿವು, ನೀರು, ಬಾ, ಹೋಗು, ಬೈದರು, ಹೊಡೆದರು, ಇಷ್ಟಕ್ಕೆ ನಮ್ಮಿಬ್ಬರ ನಡುವೆ ಗುರುತುಗಳಿದ್ದವು. ‘ಹೇಗಿತ್ತು’ ಎಂಬುದಕ್ಕೆ ಇರಲಿಲ್ಲ. ಒಂದೇ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ನಾನು ಒಂದು ಪ್ರಶ್ನೆ ಕೇಳಲಾರದೆ ಕುಳಿತಿದ್ದೆ, ಕಿವಿಯಿಂದ ಎಣ್ಣೆ ಕುತ್ತಿಗೆಗೆ ಇಳಿಯುತ್ತಿತ್ತು.

ಅಕ್ಕನ ಅತ್ತೆ ಕಂಬಕ್ಕೆ ಒರಗಿ ಇದನ್ನೆಲ್ಲ ನೋಡುತ್ತಿದ್ದಳು. ಬಹಳ ವಯಸ್ಸಾಗಿ ಅವಳ ಕಿವಿಯೂ ಮಂದವಾಗಿತ್ತು.

“ಏನ್ ಕೇಳಾಕತ್ತೀ ತಮ್ಮಾ ಅಕಿಗಿ?” ಎಂದಳು. “ನನಗ ಹೇಳು, ನಾ ಕೇಳ್ತೀನಿ. ಜರಾ ದೊಡ್ಡ ದನಿ ಮಾಡು.”

“ನಿಮಗ ಬರ್ತದೇನ್ರಿ ಅತ್ತಿ, ಅಕ್ಕನ ಜೋಡಿ ಮಾತಾಡ್ಲಿಕ್ಕ?” ಎಂದು ಕೂಗಿದೆ.

“ನನ್ನ ಕಿವಿ ಹೋಗಾಕತ್ತಿತು. ಮಕ್ಕಳು ಒಂದು ಹೇಳಿದ್ರ ನನಗ ಒಂದು ಕೇಳಸ್ತಿತ್ತು, ಸಿಟ್ಟಿಗೇಳ್ತಿದ್ರು. ಇಕಿ ಜೋಡಿ ಕೈ ತಿರುವಿದ್ರ ಆ ಜಗಳೇ ಇಲ್ಲ ನೋಡು. ಇಕಿನ ಕಲಿಸ್ಯಾಳ ನನಗ.”

ಅವರಿಬ್ಬರ ಕೈಮಾತನ್ನು ಅಂದು ಮೊದಲ ಸಲ ಕಂಡೆ. ಅವ್ವನ ಕಾಲದಲ್ಲಿ ಬೆರಳೆಣಿಕೆಯಷ್ಟಿದ್ದ ಗುರುತುಗಳು ಇಲ್ಲಿ ಬೆಳೆದು ಒಂದು ಪೂರಾ ಭಾಷೆಯಾಗಿದ್ದವು. ಸೊಸೆ ಬೆರಳು ಮಡಚಿದರೆ ಅತ್ತೆ ನಗುತ್ತಿದ್ದಳು. ಅತ್ತೆ ಹುಬ್ಬು ಏರಿಸಿದರೆ ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಯಾರದೋ ಚಾಡಿ ನಡೆದಿತ್ತೆಂದು ಕಾಣುತ್ತದೆ.

ನನ್ನ ಪ್ರಶ್ನೆಗಳನ್ನು ಅತ್ತೆಯ ಕಿವಿಗೆ ಕೂಗಿ ಹೇಳಬೇಕಾಗಿತ್ತು.

“ಅಕ್ಕ ಸಣ್ಣಾಕಿ ಇದ್ದಾಗ ಏನ್ ಅನಸ್ತಿತ್ತು ಕೇಳ್ರಿ!”

“ಏನ್ ತಿಂತಿದ್ಲು ಅಂದಿ?”

“ಅನಸ್ತಿತ್ತು! ಮನಸಿನ್ಯಾಗ!”

ಪಕ್ಕದ ಮನೆಯ ಹೆಂಗಸು ಗೋಡೆಯ ಮೇಲಿನಿಂದ ತಲೆ ಎತ್ತಿ ನೋಡಿದಳು. ಮೆಲ್ಲಗೆ ಕೇಳಬೇಕಾದ ಮಾತುಗಳನ್ನು ನಾನು ಇಡೀ ಓಣಿಗೆ ಕೇಳುವಂತೆ ಒದರುತ್ತಿದ್ದೆ. ಅತ್ತೆ ಕೈ ತಿರುವಿ ಕೇಳಿದಳು. ಅಕ್ಕ ದವಡೆ ಆಡಿಸಿ ತೋರಿಸಿ, ಖಾಲಿ ಕೈ ಚಾಚಿದಳು.

“ಎಲ್ಲಾರ ಬಾಯಿ ಅಲಗಾಡೂದು ನೋಡ್ತಿದ್ಲಂತ,” ಎಂದಳು ಅತ್ತೆ. “ಇವರೆಲ್ಲಾ ಏನೋ ಅಗೀತಾರ, ನನಗಷ್ಟ ಕೊಡೂದಿಲ್ಲ ಅಂತ ತಿಳಕೊಂಡಿದ್ಲಂತ.”

ಚಿಕ್ಕವನಿದ್ದಾಗ ಅಕ್ಕ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಬೆರಳಿನಿಂದ ಬಾಯಿ ಬಿಡಿಸಿ ಒಳಗೆ ನೋಡುತ್ತಿದ್ದದ್ದು ನೆನಪಾಯಿತು. ಹುಚ್ಚು ಹುಡುಗಿ ಎಂದು ಮನೆಯವರು ಬೈಯುತ್ತಿದ್ದರು. ಬಾಯಿಯಲ್ಲಿ ಏನೂ ಇಲ್ಲದ್ದನ್ನು ಕಂಡು ಅವಳಿಗೆ ಏನೆನಿಸುತ್ತಿತ್ತೋ.

ಮಂದಿ ತಪ್ಪು ತಿಳಿದದ್ದು ಏನು ಎಂಬ ನನ್ನ ಪ್ರಶ್ನೆಯನ್ನೂ ಕೇಳಿಸಿದೆ. ಅದಕ್ಕೆ ಅಕ್ಕ ತಡಮಾಡಲಿಲ್ಲ. ಅವಳ ಕೈಗಳು ಎಷ್ಟು ಬೇಗ ಆಡಿದವೆಂದರೆ ಅತ್ತೆ ಎರಡು ಸಲ ತಡೆದು ಕೇಳಿಕೊಳ್ಳಬೇಕಾಯಿತು.

“ಕಿವಿ ಇಲ್ಲಂದ್ರ ಕಣ್ಣೂ ಇಲ್ಲ ಅಂತ ತಿಳಕೋತಾರಂತ. ಅಕಿ ಮುಂದನ ಎಲ್ಲಾ ಮಾಡ್ತಾರ. ಕದೀತಾರ, ಅಳ್ತಾರ, ಅಕಿನ್ನ ತೋರಿಸಿ ನಗ್ತಾರ. ಎಲ್ಲಾ ನೋಡೀನಿ ಅಂತಾಳ.”

ಸಂಜೆ ಅತ್ತೆ ನನ್ನನ್ನು ಮನೆಯ ಹಿಂದಿನ ತೋಟಕ್ಕೆ ಕರೆದುಕೊಂಡು ಹೋದಳು. ಕೆಂಪು ಬಾಳೆಯ ಗೊನೆಗಳು ಇನ್ನೂ ಬಲಿಯುತ್ತಿದ್ದವು. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅವಳು ತೀರ ತಗ್ಗಿದ ದನಿಯಲ್ಲಿ ಮಾತಾಡಿದಳು. ಅವಳ ಮಾತು ಅವಳಿಗೇ ಕೇಳಿಸುತ್ತಿರಲಿಲ್ಲ ಎಂದು ತೋರುತ್ತದೆ.

“ನಿಮ್ಮವ್ವ ತೀರಕೊಂಡಾಗ ನೀ ಇಲ್ಲಿರಲಿಲ್ಲ. ಬ್ಯಾಸಗಿ, ಹೆಣ ಇಡೂಹಂಗಿರಲಿಲ್ಲ, ಇಕಿ ಬಂಡಿ ಮುಟ್ಟೂದ್ರಾಗ ಎಲ್ಲಾ ಮುಗದಿತ್ತು. ಮನಿಯಾಗ ಅವ್ವ ಇಲ್ಲ. ಇಕಿ ಮೂಗು ಮುಟ್ಟಿ ಮುಟ್ಟಿ ಕೇಳ್ಯಾಳ. ನಿಮ್ಮ ಚಿಗವ್ವ ಹಿಂಗ ಬಾಗಲ ಕಡಿ ಕೈ ಬೀಸಿ, ಹೋದ್ಲು ಅಂತ ತೋರಿಸ್ಯಾಳ. ಇಕಿ ಏನ್ ತಿಳಕೋಬೇಕು? ನಿನ್ನ ಹತ್ರ ಸೊಲ್ಲಾಪುರಕ್ಕ ಹೋಗ್ಯಾಳ ಅಂತ ತಿಳಕೊಂಡ್ಲು.”

ಅವ್ವನ ಮಣ್ಣಿಗೂ ನಾನು ಮುಟ್ಟಿರಲಿಲ್ಲ. ಅಕ್ಕನಿಗೆ ಹೇಳಿದ್ದೇವೆ ಎಂದು ಚಿಕ್ಕವ್ವ ನನಗೆ ಕಾಗದ ಬರೆಸಿದ್ದಳು. ಹೇಳಿದ್ದು ಹೀಗೆ ಎಂದು ನನಗೆ ಅಂದಿನವರೆಗೂ ಗೊತ್ತಿರಲಿಲ್ಲ.

“ನಾಗರ ಪಂಚಮಿಗಿ ಸೀರಿ ಉಟಗೊಂಡು ಕಟ್ಟಿ ಮ್ಯಾಲೆ ಕುಂಡ್ರತಿದ್ಲು. ಅವ್ವ ಕರೀಲಿಕ್ಕ ಬರ್ತಾಳ ಅಂತ. ಮರುವರ್ಷನೂ ಹಂಗ. ತವರಿನವರಿಗಿ ಸಿಟ್ಟು ಬಂದದ, ಅವ್ವ ಮರತಾಳ ಅಂತ ಊಟ ಬಿಟ್ಟು ಮಲಗ್ತಿದ್ಲು. ನನಗಾಗ ಇಕಿ ಕೈ ತಿಳೀತಿರಲಿಲ್ಲ. ಆಮ್ಯಾಲೆ ನನ್ನ ಮನಿಯವರು ಹೋದ್ರು. ಪಡಸಾಲ್ಯಾಗ ಕೂಡ್ರಿಸಿ ವಿಭೂತಿ ಹಚ್ಚಿದ್ವಿ. ಇಕಿ ನನ್ನ ಮುಂದ ಬಂದು, ಏನಾತು ಅಂತ ಕೇಳಿದ್ಲು. ನನಗ ಏನೂ ತಿಳೀಲಿಲ್ಲ ತಮ್ಮಾ, ಬಾಗಲ ಕಡಿ ಹಿಂಗ ಕೈ ಬೀಸಿದೆ. ಹೋದ್ರು ಅಂತ.”

ಅವಳು ಮಾತು ನಿಲ್ಲಿಸಿ ಒಣಗಿದ ಒಂದು ಬಾಳೆಯ ಎಲೆಯನ್ನು ಹಿಡಿದುಕೊಂಡಳು.

“ಇಕಿ ನನ್ನ ಕೈ ನೋಡಿದ್ಲು. ಹೆಣ ನೋಡಿದ್ಲು. ಮತ್ತ ನನ್ನ ಕೈ ನೋಡಿದ್ಲು. ಆಮ್ಯಾಲೆ ಮೂಗು ಮುಟಗೊಂಡು, ತಾನೂ ಹಂಗ ಕೈ ಬೀಸಿ, ಒಂದು ದನಿ ತಗದ್ಲು ನೋಡು. ಮೂರು ದಿವಸ ಅತ್ಲು. ಮಂದಿ ಎಲ್ಲಾ, ಸೊಸಿ ಅಂದ್ರ ಹಿಂಗಿರಬೇಕು, ಮಾವಗ ಎಷ್ಟ್ ಅಳ್ತಾಳ ನೋಡ್ರಿ ಅಂದ್ರು. ಅಕಿ ಅತ್ತಿದ್ದು ನನ್ನ ಗಂಡಗಲ್ಲ. ತಮ್ಮವ್ವಗ. ನನಗೊಬ್ಬಾಕಿಗೇ ಗೊತ್ತದ. ಅವತ್ತಿನಿಂದನ ನಾ ಇಕಿ ಕೈ ನೋಡಾಕತ್ತಿದ್ದು.”

ಮರುದಿನ ಪಡಸಾಲೆಯಲ್ಲೇ ಕುಳಿತು ಲೇಖನ ಬರೆದೆ. ಕೇಳಿದ್ದನ್ನೆಲ್ಲ ಬರೆದೆ, ತೋಟದಲ್ಲಿ ಕೇಳಿದ್ದನ್ನೂ. ರೂಢಿಯಂತೆ ಓದಿ ಹೇಳಲು ಕುಳಿತಾಗ ಅತ್ತೆ ನನ್ನ ಮೊಣಕೈ ಹಿಡಿದಳು.

“ಅದೂ ಬರದೀಯೇನು, ಅತ್ತಿದ್ದು?”

ಹೌದೆಂದು ತಲೆ ಆಡಿಸಿದೆ. ಅತ್ತೆ ಸೊಸೆಗೆ ಕೈಯಿಂದ ತಿಳಿಸಿದಳು. ಅವಳಿಗೆ ಅಕ್ಷರ ಬಾರದು. ನನ್ನ ಕೈಯಲ್ಲಿದ್ದ ಹಾಳೆಗಳನ್ನೆಲ್ಲ ತೆಗೆದುಕೊಂಡು ಅವುಗಳ ಮೇಲೆ ಅಂಗೈ ಊರಿ, ತಲೆ ಅಲ್ಲಾಡಿಸಿದಳು. ಗಂಡ, ಗಂಡನ ಮಕ್ಕಳು, ಊರು ಎಲ್ಲ ಅವಳನ್ನು ಮಾವನಿಗಾಗಿ ಅತ್ತ ಸೊಸೆ ಎಂದು ನಂಬಿದ್ದರು. ಆ ಮನೆಯಲ್ಲಿ ಅವಳಿಗಿದ್ದ ಮರ್ಯಾದೆಯ ದೊಡ್ಡ ಭಾಗ ಆ ಅಳುವಿನಿಂದ ಬಂದದ್ದು. ಅವಳ ಎದುರಿಗೇ ಆ ಹಾಳೆ ಹರಿದೆ. ಈಗ ಬರೆಯುತ್ತಿದ್ದೇನೆ, ಇದನ್ನು ಓದಿ ನೋಯಬೇಕಾದವರು ಯಾರೂ ಈಗ ಉಳಿದಿಲ್ಲ.

ಉಳಿದದ್ದನ್ನು ಕಳಿಸಿದೆ. ಸಂಪಾದಕರಿಂದ ಉತ್ತರ ಬಂತು: ‘ಮನೆಯ ಸಂಗತಿ ಸ್ವಾರಸ್ಯವಾಗಿದೆ. ವಾಚಕರಿಗೆ ಬೇಕಾದದ್ದು ಮಾತು ಕಲಿಸುವ ಕ್ರಮ. ಶಾಸ್ತ್ರೀಯವಾಗಿ ಬರೆಯಿರಿ.’ ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅವರ ವಾಚಕ ಕೇಳಿದ್ದು ಅದನ್ನೇ.

ದವಾಖಾನೆಯ ಒಬ್ಬ ಡಾಕ್ಟರರನ್ನು ಹಿಡಿದೆ. ಅವರು ಮುಂಬಯಿಯಲ್ಲಿ ಓದಿದವರು. ಅಲ್ಲಿ ಇಂಥ ಮಕ್ಕಳಿಗೆಂದೇ ಒಂದು ಶಾಲೆ ಇದೆಯೆಂದೂ, ತುಟಿ ನೋಡಿ ಮಾತು ತಿಳಿಯುವುದನ್ನು, ಗಂಟಲು ಮುಟ್ಟಿ ದನಿ ತೆಗೆಯುವುದನ್ನು ಕಲಿಸುತ್ತಾರೆಂದೂ ಹೇಳಿ, ಇಂಗ್ಲಿಷಿನ ಒಂದು ಹಳೆಯ ಪುಸ್ತಕ ಕೊಟ್ಟರು. ನನ್ನ ಇಂಗ್ಲಿಷು ಅದಕ್ಕೆ ಸಾಲದು. ಪರಿಚಯದ ವಕೀಲರೊಬ್ಬರು ಸಂಜೆ ಸಂಜೆ ಓದಿ ಅರ್ಥ ಹೇಳಿದರು. ಮಗು ಕೈಸನ್ನೆಗೆ ಒಗ್ಗಿದರೆ ನಾಲಗೆ ಸೋಮಾರಿಯಾಗುತ್ತದೆ, ಆದ್ದರಿಂದ ಕೈಗಳನ್ನು ಸುಮ್ಮನಿರಿಸಬೇಕು ಎಂದು ಅದರಲ್ಲಿತ್ತು. ವಕೀಲರು ಅದನ್ನು ಓದಿದಾಗ ಕಮಲಾಪುರದ ಕಟ್ಟೆ ನನ್ನ ಕಣ್ಣೆದುರಿಗೆ ಬಂತು.

ಪುಸ್ತಕ ಹೇಳಿದ್ದನ್ನು ಪುಸ್ತಕದ ಮಾತೆಂದೇ ಬರೆದೆ. ಅದರ ಕೆಳಗೆ ಅಷ್ಟೇ ಉದ್ದವಾಗಿ, ಶಾಲೆಗೆ ಕಳಿಸಲಾರದ ಮನೆಗಳಲ್ಲಿ ಕೈಮಾತು ಎಷ್ಟು ದೊಡ್ಡ ಆಸರೆ, ಅದನ್ನು ತಡೆಯಬಾರದು, ಮನೆಯವರೇ ಕಲಿಯಬೇಕು ಎಂದು ಕಂಡದ್ದನ್ನು ಬರೆದೆ. ಡಾಕ್ಟರರ ಎದುರಿಗೆ ಓದಿದೆ. ಅವರು ಒಪ್ಪಿದರು. ಅಂಚೆಗೆ ಹಾಕಿದೆ.

ಸಂಚಿಕೆ ಬಂದಾಗ ಬಿಚ್ಚಿ ನೋಡಿದರೆ ಮೊದಲ ಅರ್ಧವಷ್ಟೇ ಇತ್ತು. ಕಡೆಯ ಪುಟದಲ್ಲಿ, ನನ್ನ ಎರಡನೆಯ ಅರ್ಧ ಇರಬೇಕಾದ ಜಾಗದಲ್ಲಿ, ಕೇಶತೈಲದ ಜಾಹೀರಾತು. ‘ಕೈಗಳನ್ನು ಸುಮ್ಮನಿರಿಸಬೇಕು’ ಎಂಬಲ್ಲಿಗೆ ಲೇಖನ ಮುಗಿದಿತ್ತು. ಪುಟ ಸಾಲದೆ ಕತ್ತರಿಸಬೇಕಾಯಿತು, ಮುಂದೆ ನೋಡೋಣ ಎಂದು ಸಂಪಾದಕರು ಆಮೇಲೆ ಬರೆದರು. ಇಂಥದ್ದು ಬರೆಯುವವರ ಪಾಲಿಗೆ ಹೊಸದಲ್ಲ. ಕೋಳಿಯ ಲೇಖನದಲ್ಲೂ ಮದ್ದಿನ ಭಾಗ ಬಿಟ್ಟುಹೋಗಿತ್ತು.

ಒಂದು ಮಧ್ಯಾಹ್ನ ಕಚೇರಿಯ ಮುಂದೆ ನಾನು ಅರ್ಜಿ ಬರೆಯುತ್ತಿದ್ದಾಗ ಒಬ್ಬರು ಬಂದು ನಿಂತರು. ಬಿಳಿ ರುಮಾಲು, ಕಂಕುಳಲ್ಲಿ ಮಡಚಿದ ಮಾಸಪತ್ರಿಕೆ. ತಾಜಸುಲ್ತಾನಪುರದ ಒಕ್ಕಲುತನದವರು, ಕನ್ನಡ ಓದಬಲ್ಲವರು. ಅವರ ಹಿಂದೆ ಎರಡು ಜಡೆಯ ಒಂದು ಹೆಣ್ಣು ಮಗು.

“ಇದು ಬರದವರು ನೀವೇನ್ರೀ?” ಎಂದು ಪತ್ರಿಕೆ ತೋರಿಸಿದರು. “ಚೀಟಿ ಹಾಕಿ ಕೇಳಿದವ ನಾನ ನೋಡ್ರಿ. ಭಾಳ ಉಪಕಾರ ಆತು. ನೀವು ಬರದಂಗನ ಮಾಡಾಕತ್ತೀನಿ.”

ಅವರು ಮಗುವನ್ನು ಮುಂದಕ್ಕೆ ತಂದರು. ಅದರ ಎರಡು ಕೈಗಳನ್ನೂ ಬೆನ್ನ ಹಿಂದೆ ಒಂದು ಮೆತ್ತಗಿನ ಅರಿವೆಯಿಂದ ಕಟ್ಟಿದ್ದರು. ಬಿಗಿಯಾಗಿರಲಿಲ್ಲ, ನೋವಾಗದ ಹಾಗೆ ಎಚ್ಚರಿಕೆಯಿಂದ ಕಟ್ಟಿದ್ದರು. ಮಗು ನನ್ನ ಬಾಯಿಯನ್ನೇ ನೋಡುತ್ತಿತ್ತು.

“ಬಿಚ್ಚರಿ ಮೊದಲು,” ಎಂದೆ.

“ಉಣ್ಣೂ ಮುಂದ ಬಿಚ್ತೀನ್ರಿ. ಅಕಿ ಅವ್ವ ಸತ್ತಾಳ. ನಾನ ಉಣಸ್ತೀನಿ, ನಾನ ಬಿಚ್ತೀನಿ.”

ಇನ್ನರ್ಧ ಲೇಖನ ಅಚ್ಚಾಗಿಲ್ಲ ಎಂದು ಹೇಳಿದೆ, ಅದರಲ್ಲಿ ಏನಿತ್ತೆಂದು ಹೇಳಿದೆ. ಅವರು ಸಂಕೋಚದಿಂದ ಕೇಳಿಸಿಕೊಂಡರು, ನಂಬಲಿಲ್ಲ. ಕೊನೆಗೆ, ಒಮ್ಮೆ ನನ್ನ ಅಕ್ಕನನ್ನು ನೋಡಿ ಬನ್ನಿ, ಆಮೇಲೆ ನಿಮ್ಮ ಇಷ್ಟ ಎಂದೆ. ಅದಕ್ಕೆ ಒಪ್ಪಿದರು. ಮರುವಾರ ಮೂವರೂ ಮೋಟಾರಿನಲ್ಲಿ ಕಮಲಾಪುರಕ್ಕೆ ಹೋದೆವು.

ಅಕ್ಕ ಮಗುವನ್ನು ಕಂಡದ್ದೇ ಹಿಂದೆ ಹೋಗಿ ಅರಿವೆ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮಗುವಿನ ಮಣಿಕಟ್ಟು ತಿಕ್ಕಿದಳು. ಆಮೇಲೆ ಅದರ ಎರಡು ಜಡೆ ಎಳೆದು, ತನ್ನ ತಲೆಯ ಎರಡೂ ಬದಿಯಲ್ಲಿ ಜಡೆ ಎಳೆದಂತೆ ಮಾಡಿ ತೋರಿಸಿದಳು: ನೀನು. ಮಗು ಸ್ವಲ್ಪ ಹೊತ್ತು ಅವಳ ಕೈಗಳನ್ನೇ ನೋಡಿ, ತಾನೂ ಜಡೆ ಎಳೆದುಕೊಂಡಿತು: ನಾನು. ಅಪ್ಪನಿಗೆ ಏನು ಗುರುತು ಎಂದು ಅಕ್ಕ ಕೇಳಿದಳೆಂದು ತೋರುತ್ತದೆ, ಮಗು ಅವರ ರುಮಾಲು ತೋರಿಸಿ ತಲೆಗೆ ಸುತ್ತಿದ ಹಾಗೆ ಬೆರಳು ತಿರುಗಿಸಿತು. ಅತ್ತೆ ನಡುನಡುವೆ ತನ್ನ ಬೆರಳನ್ನೂ ತೂರಿಸುತ್ತಿದ್ದಳು. ಮೂವರೂ ಕುಳಿತು ಬಾಳೆಹಣ್ಣು ತಿಂದರು. ಮಗು ಮೂಗಿನಿಂದ ಒಂದು ದನಿ ತೆಗೆಯುತ್ತ ನಗುತ್ತಿತ್ತು.

ತಂದೆ ಕಂಬದ ಬಳಿ ನಿಂತು ಎಲ್ಲವನ್ನೂ ನೋಡಿದರು. ಅವರ ಮುಖ ಅರಳಬಹುದೆಂದು ನಾನು ಕಾಯುತ್ತಿದ್ದೆ.

“ಇಕಿ ನಿಮ್ಮಕ್ಕ ಏನ್ರೀ,” ಎಂದರು ಮೆಲ್ಲಗೆ. “ಒಂದ್ ಮಾತೂ ಬರೂದಿಲ್ಲೇನ್ರೀ?”

“ಬಾಯಿಲೆ ಬರೂದಿಲ್ಲರಿ. ನೋಡಿದ್ರಲ್ಲ, ಎಷ್ಟ್ ಮಾತಾಡ್ತಾಳ.”

“ನನ್ನ ಮಗಳು ಹಿಂಗ ಕೈ ತಿರುವಿಕೋತ ಕುಂಡ್ರಬಾರದ್ರೀ. ನಾ ಸತ್ತ ಮ್ಯಾಲೆ ಮಂದಿ ಅಕಿನ್ನ ಮೂಕಿ ಅಂತಾರ.”

“ಕೈ ಕಟ್ಟಿದ್ರ ಮಾತು ಬರೂದಿಲ್ಲ. ಆ ಲೇಖನ ಅರ್ಧಾ ಅಚ್ಚಾಗ್ಯದ.”

“ಅಚ್ಚಾಗ್ಯದಲ್ರೀ,” ಎಂದರು ಅವರು. “ದೊಡ್ಡ ದೊಡ್ಡವರು ನೋಡಿ, ಖರೇ ಇದ್ದದ್ದಷ್ಟ ಇಟ್ಟು, ಉಳದದ್ದು ತಗದಾರ. ಇಲ್ದಿದ್ರ ಯಾಕ ತಗೀತಿದ್ರು?”

“ಬರದವ ನಾನ ಹೇಳಾಕತ್ತೀನಿ.”

“ನೀವು ಬರದೀರಿ ಖರೆ. ನಿಮಗ ಅಕ್ಕನ ಮ್ಯಾಲೆ ಜೀವ. ಅದಕ್ಕ ಹಂಗ ಅಂತೀರಿ.”

ಅವರು ಮಗಳನ್ನು ಎತ್ತಿಕೊಂಡಾಗ ಅದರ ಬಾಯಿಗೆ ಮೆತ್ತಿದ ಬಾಳೆಹಣ್ಣನ್ನು ತಮ್ಮ ರುಮಾಲಿನ ತುದಿಯಿಂದಲೇ ಒರೆಸಿದರು. ಅವರ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಹೊರಡುವಾಗ ಅರಿವೆಗಾಗಿ ಕೈ ಚಾಚಿದರು. ಅಕ್ಕ ಹೆಗಲ ಮೇಲಿನ ಅರಿವೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅತ್ತೆ ಏನೋ ಸನ್ನೆ ಮಾಡಿದ ಮೇಲೆ ಕೊಟ್ಟಳು. ಮೋಟಾರು ಊರು ದಾಟುವ ಮೊದಲೇ ಅವರು ಮಗುವಿನ ಕೈಗಳನ್ನು ಮತ್ತೆ ಕಟ್ಟಿದರು. ಮಗು ತಾನಾಗಿಯೇ ಕೈಗಳನ್ನು ಹಿಂದಕ್ಕೆ ಮಾಡಿ ಕೊಟ್ಟಿತು.

ಸಂಪಾದಕರಿಗೆ ಉದ್ದದ ಕಾಗದ ಬರೆದೆ. ಅವರು ಒಳ್ಳೆಯವರು. ಬಿಟ್ಟುಹೋದ ಭಾಗದ ಸಾರಾಂಶವನ್ನು ಎರಡು ಸಂಚಿಕೆಗಳ ನಂತರ, ಹಿಂದಿನ ಪುಟದ ಒಂದು ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ಹಾಕಿದರು. ಅದನ್ನು ಹಿಡಿದುಕೊಂಡು ತಾಜಸುಲ್ತಾನಪುರಕ್ಕೆ ನಡೆದೇ ಹೋದೆ. ಮನೆಗೆ ಬೀಗ. ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟು, ಮಗಳನ್ನು ಕರೆದುಕೊಂಡು ಮುಂಬಯಿಯ ಆ ಶಾಲೆಗೆ ಹೋಗಿದ್ದಾರೆ ಎಂದು ನೆರೆಯವರು ಹೇಳಿದರು. ಶಾಲೆ ಇದೆ ಎಂಬ ಸುದ್ದಿಯೂ ನನ್ನ ಲೇಖನದಿಂದಲೇ ಅವರಿಗೆ ತಿಳಿದದ್ದು. ಪತ್ರಿಕೆಯನ್ನು ಬಾಗಿಲ ಸಂದಿಯಲ್ಲಿ ಇಟ್ಟು ಬಂದೆ.

ಒಂದೆರಡು ಬೇಸಿಗೆ ಕಳೆದ ಮೇಲೆ ಅವರು ಮತ್ತೆ ಕಚೇರಿಯ ಮುಂದೆ ಕಾಣಿಸಿಕೊಂಡರು. ಬಹಳ ಇಳಿದಿದ್ದರು. ಮಗಳು ರಜೆಗೆಂದು ಬಂದಿದ್ದಳು, ಎತ್ತರ ಬೆಳೆದಿದ್ದಳು. ನನ್ನನ್ನು ಕಂಡು ತಂದೆಯ ಕಣ್ಣು ಹೊಳೆದವು.

“ಕೇಳ್ರಿ,” ಎಂದು ಮಗಳ ಭುಜ ಮುಟ್ಟಿದರು. ಅವಳು ಅವರ ತುಟಿಯನ್ನೇ ನೋಡುತ್ತ, ಕುತ್ತಿಗೆಯ ನರ ಉಬ್ಬಿಸಿ, “ಅಪ್-ಪಾ” ಎಂದಳು. ಬಾವಿಯ ಒಳಗಿನಿಂದ ಬಂದಂಥ ದನಿ. ಅವರು ಅಲ್ಲಿಯೇ, ಅರ್ಜಿದಾರರ ನಡುವೆಯೇ, ಅತ್ತುಬಿಟ್ಟರು. ನನ್ನ ಕಣ್ಣೂ ಒದ್ದೆಯಾದವು. ಆ ಒಂದು ಪದ ಸುಳ್ಳಲ್ಲ, ಅವರ ಸಂತೋಷವೂ ಸುಳ್ಳಲ್ಲ.

ನಾನು ಅವಳತ್ತ ನೋಡಿ, ಎರಡು ಜಡೆ ಎಳೆದಂತೆ ಕೈ ಮಾಡಿದೆ. ಅವಳಿಗೆ ಗುರುತು ಸಿಕ್ಕಿತು. ಅದು ಅವಳ ಮುಖದಲ್ಲಿ ಕಂಡಿತು. ಕೈ ಅರ್ಧ ಎತ್ತಿದಳು. ತಕ್ಷಣ ತಂದೆಯ ಮುಖ ನೋಡಿ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು, ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡಳು. ಯಾವ ಅರಿವೆಯೂ ಇರಲಿಲ್ಲ. ಆಮೇಲೆ ಆ ತಂದೆ ಮಗಳನ್ನು ನಾನು ನೋಡಲಿಲ್ಲ.

ಅಕ್ಕನ ಅತ್ತೆ ಅದರ ಮುಂದಿನ ಮಳೆಗಾಲದಲ್ಲಿ ತೀರಿಕೊಂಡಳು. ಈ ಸಲ ಅಕ್ಕನಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ, ಮುದುಕಿ ಸತ್ತದ್ದು ಅವಳ ತೊಡೆಯ ಮೇಲೆಯೇ. ನಾನು ಹೋದಾಗ ಅವಳು ಅಳುತ್ತಿರಲಿಲ್ಲ. ಗಂಡನ ಮಕ್ಕಳು ಮದುವೆಯಾಗಿದ್ದರು, ಸೊಸೆಯರು ಒಳ್ಳೆಯವರು, ಹೊತ್ತಿಗೆ ಸರಿಯಾಗಿ ರೊಟ್ಟಿ ಹಾಕುತ್ತಿದ್ದರು, ಸೀರೆ ಒಗೆದುಕೊಡುತ್ತಿದ್ದರು. ಉಣ್ಣು, ಏಳು, ಮಲಗು ಎಂಬ ಗುರುತುಗಳು ಅವರಿಗೆ ಸಾಕಾಗಿದ್ದವು.

ನಾನು ಅವಳ ಕೈಮಾತು ಕಲಿಯಲು ಹೊರಟೆ. ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದೆ. ಆ ವಯಸ್ಸಿನಲ್ಲಿ ಬೆರಳು ಬಾಗುವುದಿಲ್ಲ. ಅವಳು ಮೊದಮೊದಲು ನನ್ನ ಬೆರಳು ಹಿಡಿದು ತಿದ್ದುತ್ತಿದ್ದಳು, ನಾನು ತಪ್ಪು ಮಾಡಿದಾಗ ನಗುತ್ತಿದ್ದಳು. ಹಳೆಯ ಸಂಗತಿಗಳನ್ನು ಹೇಳಲು ತೊಡಗುತ್ತಿದ್ದಳು. ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಜಾರುತ್ತಿತ್ತು. ಎರಡು ಸಲ, ಮೂರು ಸಲ ಹೇಳಿ, ಆಮೇಲೆ ಕೈ ಕೊಡವಿ ಬಿಟ್ಟುಬಿಡುತ್ತಿದ್ದಳು. ಹೋಗಹೋಗುತ್ತ ಅವಳು ತಿದ್ದುವುದನ್ನು ನಿಲ್ಲಿಸಿದಳು. ನಾನು ಏನು ಸನ್ನೆ ಮಾಡಿದರೂ ತಲೆ ಆಡಿಸುತ್ತಿದ್ದಳು. ಆ ತಲೆ ಆಡಿಸುವಿಕೆಯನ್ನು ನಾನು ಬಲ್ಲೆ. ಕಚೇರಿಯಲ್ಲಿ ಉರ್ದು ತಿಳಿಯದ ಹಳ್ಳಿಯವರು ಸಾಹೇಬರ ಮಾತಿಗೆ ಹಾಗೆಯೇ ತಲೆ ಆಡಿಸುತ್ತಿದ್ದರು.

ಕೊನೆಯ ವರ್ಷಗಳಲ್ಲಿ ನಾವಿಬ್ಬರೂ ಕಟ್ಟೆಯ ಮೇಲೆ ಅಕ್ಕಪಕ್ಕ ಕುಳಿತು ಶೇಂಗಾ ಒಡೆಯುತ್ತಿದ್ದೆವು. ಅವಳು ಕಾಳುಗಳನ್ನು ನನ್ನ ಕಡೆಗೆ ಸರಿಸುತ್ತಿದ್ದಳು. ಮೋಟಾರಿನ ಹೊತ್ತಾದಾಗ ನಾನು ಏಳುತ್ತಿದ್ದೆ, ಅವಳು ಸಿಪ್ಪೆ ಗುಡಿಸಿ ಒಳಗೆ ಹೋಗುತ್ತಿದ್ದಳು.